ಪೇಟಿಯ ಎಡಗೈ

ಹನುಮಪ್ಪನ ಗುಡಿಯ ಮೂಲೆಯಲ್ಲಿ ಹಳೇ ಧೋತರ ಸುತ್ತಿಕೊಂಡು ಕೂತ ಪೇಟಿ, ಅಂದರೆ ಹಾರ್ಮೋನಿಯಂ, ಯುರೋಪಿನ ಚರ್ಚುಗಳ ಪೈಪ್ ಆರ್ಗನ್ನಿಗೆ ಬಂಧು ಎಂದರೆ ತೆಲಂಗಾಣ ಗಡಿಯ ಮಕ್ತಲದ ಕಡೆಯ ಭಜನೆಯವರು ನಕ್ಕಾರು. ಅವರಿಗೆ ಅದು ತಮ್ಮ ಊರಿನದೇ. ನಾರಾಯಣಪೇಟೆಯಿಂದ ಕೃಷ್ಣಾ ದಂಡೆಯವರೆಗೆ ಕನ್ನಡದ ಮನೆ, ತೆಲುಗಿನ ಮನೆ ಒಂದಕ್ಕೊಂದು ಗೋಡೆ ಹಂಚಿಕೊಂಡಿವೆ. ದಾಸರ ಪದ ಮುಗಿದ ಮೇಲೆ ತೆಲುಗು ಕೀರ್ತನೆ, ಅದಾದ ಮೇಲೆ ಕಡಕೋಳ ಮಡಿವಾಳಪ್ಪನ ತತ್ವಪದ. ಭಾಷೆ ಬದಲಾದಾಗ ಪೇಟಿ ಮಾಸ್ತರರು ತಲೆ ಎತ್ತುವುದೂ ಇಲ್ಲ. ಹಾಡುವವನನ್ನು ಅವರು ಕೇಳುವುದು ಶ್ರುತಿಯ ಮಣೆಯೊಂದನ್ನೇ: ಬಿಳಿ ಎಷ್ಟು, ಕರಿ ಎಷ್ಟು? 'ಕರಿ ಎರಡು' ಎಂದರೆ ಸಾಕು, ಬೆರಳುಗಳು ಜಾಗ ಹಿಡಿಯುತ್ತವೆ.

ಆರ್ಗನ್ನಿನ ಈ ವಂಶ ಬಲು ಹಳೆಯದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್ ನೀರಿನ ಒತ್ತಡದಿಂದ ಗಾಳಿಯನ್ನು ಹದದಲ್ಲಿಟ್ಟು ಕೊಳವೆಗಳನ್ನು ನುಡಿಸಿದ. ಅಂದಿನಿಂದ ಆರ್ಗನ್ ಕಟ್ಟುವವರ ಚಿಂತೆ ಒಂದೇ, ಗಾಳಿ ಅಲುಗಬಾರದು. ಕೊಳವೆಯ ಬಾಯಿಗೆ ಬೀಳುವ ಗಾಳಿ ತುಸು ಜೋರಾದರೂ ಶ್ರುತಿ ಮೇಲೇರುತ್ತದೆ. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ 1881ರ ಪೈಪ್ ಆರ್ಗನ್ ಇದೆ, ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಕಾನಕರ್ ಕಂಪನಿ ಕಟ್ಟಿದ್ದು. ಇಂಥ ವಾದ್ಯದ ಮುಂದೆ ಕೂತವನು ಮಣೆಯನ್ನು ಮೆಲ್ಲಗೆ ಒತ್ತಲಿ, ಗುದ್ದಲಿ, ಕೊಳವೆಯ ದನಿ ಅಷ್ಟೇ. ದನಿ ಹೆಚ್ಚಬೇಕಾದರೆ ಸಾಮಾನ್ಯವಾಗಿ ಇನ್ನಷ್ಟು ಕೊಳವೆಗಳನ್ನು ಎಬ್ಬಿಸಬೇಕು. ದೊಡ್ಡ ಆರ್ಗನ್ನುಗಳಲ್ಲಿ 32 ಅಡಿಯ ಕೊಳವೆಯೂ ಉಂಟು. ಸೆಕೆಂಡಿಗೆ ಸುಮಾರು 16 ಕಂಪನದ ಆ ನಾದ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಭವ್ಯತೆ ಅಂದರೆ ಅದು, ನಿಜ. ಆದರೆ ಅಷ್ಟು ಗಾಳಿ ಇಟ್ಟುಕೊಂಡೂ ಆ ಕೊಳವೆಗೆ ಬಿಕ್ಕಲು ಬರುವುದಿಲ್ಲ.

ಈ ಕೊರತೆ ಫ್ರೆಂಚರನ್ನು ಕಾಡಿತು. 1810ರಲ್ಲಿ ಗ್ರೆನಿಯೇ ಎಂಬಾತ ಚೀನಾದ ಶಂಗ್ ವಾದ್ಯದಲ್ಲಿ ಇರುವಂಥ ಲೋಹದ ನಾಲಿಗೆಯ ಮೊರೆ ಹೋದ. 1842ರಲ್ಲಿ ಪ್ಯಾರಿಸ್ಸಿನ ದೆಬೆಯ್ನ್ ಹಾರ್ಮೋನಿಯಂ ಹೆಸರಿನಲ್ಲಿ ಅಂಥ ವಾದ್ಯಕ್ಕೆ ಪೇಟೆಂಟ್ ಪಡೆದ. ಹಿತ್ತಾಳೆಯ ನಾಲಿಗೆಯ ಗುಣವೇ ಬೇರೆ. ಗಾಳಿ ಏರಿದರೆ ದನಿ ಏರುತ್ತದೆ, ಇಳಿದರೆ ಇಳಿಯುತ್ತದೆ, ಶ್ರುತಿ ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಲ್ಕತ್ತದ ದ್ವಾರಕಾನಾಥ ಘೋಷ್ ಕಾಲಿನ ತಿದಿಯನ್ನು ತೆಗೆದು ಕೈಗೆ ಕೊಟ್ಟರು. ನೆಲದ ಮೇಲೆ ಚಕ್ಕಲಮಕ್ಕಲ ಹಾಕಿ ಕೂರುವ ನಮ್ಮವರಿಗೆ ಅನುಕೂಲವಾಯಿತು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅಚ್ಚರಿ ಅದಲ್ಲ. ಎಡಗೈ ಮಣೆಗಳನ್ನು ಕಳೆದುಕೊಂಡು ಉಸಿರನ್ನು ಗಳಿಸಿತು. ಗಾಳಿ ಅಲುಗುವುದು ದೊಡ್ಡಣ್ಣ ಆರ್ಗನ್ನಿನ ಮನೆಯಲ್ಲಿ ತಪ್ಪು, ತಮ್ಮನ ಮನೆಯಲ್ಲಿ ಅದೇ ವಿದ್ಯೆಯಾಯಿತು.

ಪೇಟಿಯಲ್ಲಿ ಕುಂದಿಲ್ಲವೆಂದಲ್ಲ. ಸ್ವರದಿಂದ ಸ್ವರಕ್ಕೆ ಜಾರಲಾಗದು, ದರ್ಬಾರಿ ಕಾನಡ ರಾಗದ ತೂಗಾಡುವ ಗಾಂಧಾರ ಅದರ ಯಾವ ಮಣೆಯಲ್ಲೂ ಇಲ್ಲ. ಇದೇ ಕಾರಣಕ್ಕೆ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ಮತ್ತೆ ಬಾಗಿಲು ತೆರೆಯಲು 1971 ಬರಬೇಕಾಯಿತು. ಬಾನುಲಿ ಹೊರಗಿಟ್ಟದ್ದನ್ನು ಗುಡಿ, ಮಠ, ನಾಟಕದ ಕಂಪನಿಗಳು ಸಾಕಿದವು. ಬೆಳಗಾವಿಯಲ್ಲಿ ರಾಮಭಾವು ಬಿಜಾಪುರೆ ಅದನ್ನು ಸ್ವತಂತ್ರ ವಾದನದ ಎತ್ತರಕ್ಕೆ ಒಯ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮಕ್ಕಳಿಗೆ ಅನ್ನದ ಜೊತೆಗೆ ಸಂಗೀತ ಕೊಟ್ಟರು. ಸ್ವತಃ ಅಂಧರಾಗಿದ್ದ ಗುರುಗಳ ಕೈಯಲ್ಲಿ ಪೇಟಿ ಎಷ್ಟೋ ಮನೆಗಳ ಹೊಟ್ಟೆಪಾಡಾಯಿತು. ವೃತ್ತಿ ತರಬೇತಿ ಎಂಬ ಈಗಿನ ದೊಡ್ಡ ಮಾತು ಅದರ ಮುಂದೆ ಸಣ್ಣದಾಗಿ ಕಾಣುತ್ತದೆ.

ಗಡಿಯ ಹಳ್ಳಿಗಳಲ್ಲಿ ಕಲಿಕೆ ಇನ್ನೂ ಸರಳ. ಹುಡುಗ ಮೊದಲು ತಾಳ ಹಿಡಿದು ಹಿಂದೆ ಕೂರುತ್ತಾನೆ, ಮಾಸ್ತರರು ಚಹಾಕ್ಕೆ ಎದ್ದಾಗ ಪೇಟಿ ಮುಟ್ಟುತ್ತಾನೆ. ಬೆರಳಿನ ಸರಳೆ ಬೇಗ ಬರುತ್ತದೆ. ತಿದಿ ಒತ್ತುವುದು ಮಾತ್ರ ತಡವಾಗಿ ಬರುತ್ತದೆ. ಹಾಡುವವನು ಪಲ್ಲವಿಗೆ ಏರುವಾಗ ಗಾಳಿ ಕೊಟ್ಟು, ಅವನು ಉಸಿರು ತೆಗೆದುಕೊಳ್ಳುವಾಗ ತಾನೂ ಸುಮ್ಮನಾಗುವುದು ಯಾವ ಪುಸ್ತಕದಲ್ಲೂ ಇಲ್ಲ.

ಇದೇ ಸೀಮೆಯಲ್ಲಿ, ಇಂದಿನ ಗದ್ವಾಲ ಜಿಲ್ಲೆಯ ಉತ್ತನೂರಿನಲ್ಲಿ, ಹರಿದಾಸ ಗೋಪಾಲದಾಸರು ಬಾಳಿದ್ದರು. ಅವರು ತೀರಿಹೋದದ್ದು 1762ರಲ್ಲಿ. ಅವರ ಪದಗಳಿಗೆ ಆಗ ತಂಬೂರಿ, ತಾಳ, ಗೆಜ್ಜೆ. ಹಾರ್ಮೋನಿಯಂ ಹುಟ್ಟುವುದಕ್ಕೆ ಇನ್ನೂ ಎಂಬತ್ತು ವರ್ಷವಿತ್ತು. ಆದರೂ ಇವತ್ತು ಪೇಟಿ ಇಲ್ಲದೆ ಆ ಪದ ಹಾಡಿದರೆ ಕೇಳುವವರಿಗೆ ಏನೋ ಬಿಟ್ಟುಹೋದಂತೆ. ಪ್ಯಾರಿಸ್ಸಿನ ಕುಶಲಕರ್ಮಿಗೆ ಇದು ತಿಳಿಯದು, ದಾಸರಿಗೂ ತಿಳಿಯದು. ನಡುವೆ ನಿಂತು ಬೆರಗಾಗುವ ಭಾಗ್ಯ ನಮ್ಮದು.

ಈ ಸೀಮೆಯ ಯಾವುದಾದರೂ ಊರಿನಲ್ಲಿ ಶನಿವಾರ ರಾತ್ರಿ ಭಜನೆಗೆ ಹೋದರೆ ಪೇಟಿ ಮಾಸ್ತರರ ಎಡಗಡೆಗೆ ಕೂತುಕೊಳ್ಳಿ. ಬಲಗೈ ಹೇಗೂ ಎಲ್ಲರಿಗೂ ಕಾಣುತ್ತದೆ.