ಥರ್ಮಾಮೀಟರ್ ಯಾರ ತಾಪವನ್ನು ಹೇಳುತ್ತದೆ?

ಫ್ಲಾಸ್ಕಿಗೆ ಇಳಿಬಿಟ್ಟ ಥರ್ಮಾಮೀಟರ್ ತೋರಿಸುವುದು ತನ್ನದೇ ತಾಪವನ್ನು. ಒಳಗಿನ ದ್ರವದ ತಾಪವೂ ಅಷ್ಟೇ ಎಂದು ಹೇಳುವುದು ಆ ತೋರಿಕೆಯಿಂದ ಮುಂದಕ್ಕೆ ಇಟ್ಟ ಹೆಜ್ಜೆ. ಎರಡು ವಸ್ತುಗಳು ಉಷ್ಣ ಸಮತೋಲನಕ್ಕೆ ಬಂದರೆ ಅವುಗಳ ತಾಪ ಒಂದೇ ಆಗುತ್ತದೆ ಎಂಬ ನಿಯಮ ಈ ಹೆಜ್ಜೆಗೆ ಬೆಂಬಲ. ಆದರೆ ಈ ಥರ್ಮಾಮೀಟರ್ ಈ ದ್ರವದೊಂದಿಗೆ ಈಗ ಸಮತೋಲನದಲ್ಲಿದೆಯೇ ಎಂಬುದನ್ನು ನಿಯಮ ಹೇಳುವುದಿಲ್ಲ. ಅದನ್ನು ನಿರ್ಧರಿಸುವುದು ಥರ್ಮಾಮೀಟರನ್ನು ಫ್ಲಾಸ್ಕಿನ ಕತ್ತಿನಲ್ಲಿ ಹಿಡಿದು ನಿಲ್ಲಿಸುವ ಗಾಜಿನ ತುಂಡು, ಅಂದರೆ ಅಡಾಪ್ಟರ್. ಸಾಮಾನು ತರಿಸುವ ಪಟ್ಟಿಯ ಕೊನೆಯಲ್ಲಿ ಸೇರಿಕೊಳ್ಳುವ ಈ ಅಗ್ಗದ ವಸ್ತುವಿನಲ್ಲಿ ಜ್ಞಾನಮೀಮಾಂಸೆಯ ಹಳೆಯ ತೊಡಕೊಂದು ಅಡಗಿದೆ.

ನ್ಯಾಯದರ್ಶನದ ದೃಷ್ಟಿಯಲ್ಲಿ ನೋಡಿದರೆ ಪ್ರತ್ಯಕ್ಷವಾಗುವುದು ಪಾದರಸದ ಮಟ್ಟ ಮಾತ್ರ. ದ್ರವದ ತಾಪ ಅನುಮಾನ. ಅನುಮಾನ ನಿಲ್ಲಬೇಕಾದರೆ ವ್ಯಾಪ್ತಿ, ಅಂದರೆ ಎರಡರ ನಡುವೆ ತಪ್ಪದ ಸಂಬಂಧ ಬೇಕು, ಆ ವ್ಯಾಪ್ತಿಗೆ ಉಪಾಧಿಯ, ಅಂದರೆ ಮರೆಯಲ್ಲಿರುವ ಷರತ್ತಿನ ಸೋಂಕಿರಬಾರದು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ ಎನ್ನುವವನಿಗೆ ನೈಯಾಯಿಕರು ಹಸಿ ಸೌದೆಯನ್ನು ತೋರಿಸುತ್ತಾರೆ. ಹೊಗೆಯನ್ನು ತಂದದ್ದು ಬರಿಯ ಬೆಂಕಿಯಲ್ಲ, ಹಸಿ ಸೌದೆಯ ಸಂಯೋಗ. ಪಾದರಸ ಇಷ್ಟು ಏರಿದೆ, ಆದ್ದರಿಂದ ದ್ರವ ಇಷ್ಟು ಬಿಸಿಯಾಗಿದೆ ಎಂಬ ಮಾತಿಗೂ ಇಂಥ ಹಸಿ ಸೌದೆಗಳಿವೆ. ಅಡಾಪ್ಟರನ್ನು ಆರಿಸುವುದೆಂದರೆ ಅವನ್ನು ಒಂದೊಂದಾಗಿ ಹೊರಗಿಡುವ ಕೆಲಸ.

ಮೊದಲು ಹೊಂದಿಕೆ. ಉಜ್ಜಿದ ಗಾಜಿನ ಜಾಯಿಂಟ್ ಪ್ರತಿ 10 ಮಿ.ಮೀ. ಉದ್ದಕ್ಕೆ 1 ಮಿ.ಮೀ. ಕಿರಿದಾಗುತ್ತದೆ. ಭಾರತದ ಪ್ರಯೋಗಶಾಲೆಗಳಲ್ಲಿ ಬಿ14, ಬಿ19, ಬಿ24 ಎಂದು ಕರೆಯುವ ಕೋನ್ ಮತ್ತು ಸಾಕೆಟ್‌ಗಳಲ್ಲಿ ಆ ಅಂಕಿ ಅಗಲವಾದ ತುದಿಯ ವ್ಯಾಸವನ್ನು ಸೂಚಿಸುತ್ತದೆ. 24/29 ಮತ್ತು ಅಮೆರಿಕದ 24/40 ಜಾಯಿಂಟ್‌ಗಳ ವ್ಯಾಸ ಒಂದೇ, ಉದ್ದ ಬೇರೆ. ಒಂದು ಇನ್ನೊಂದರಲ್ಲಿ ಕೂರುತ್ತದೆ, ಆದರೆ ಉದ್ದನೆಯ ಕೋನ್ ಸಾಕೆಟ್‌ನಿಂದ ಕೆಳಗೆ ಇಣುಕುತ್ತದೆ. ಈ ವಿಷಯದಲ್ಲಿ ತತ್ತ್ವಶಾಸ್ತ್ರಕ್ಕೆ ಹೇಳಲು ಹೆಚ್ಚೇನಿಲ್ಲ. ಅಳತೆ ನೋಡಿ ತರಿಸಿದರೆ ಸಾಕು.

ಆಳದ ಪ್ರಶ್ನೆ ಹಾಗಲ್ಲ. ಕೋನನ್ನು ಮೈಗೇ ಬೆಸೆದುಕೊಂಡು ಬರುವ ಥರ್ಮಾಮೀಟರ್ ಚೆನ್ನಾಗಿ ಮುಚ್ಚುತ್ತದೆ, ಆದರೆ ಅದು ಇಳಿಯುವ ಆಳ ಮೊದಲೇ ಗೊತ್ತುಮಾಡಿದ್ದು. ಅರ್ಧ ತುಂಬಿದ ದೊಡ್ಡ ಫ್ಲಾಸ್ಕಿನಲ್ಲಿ ಅದರ ಬಲ್ಬ್ ದ್ರವವನ್ನು ಮುಟ್ಟದೆಯೇ ನಿಲ್ಲಬಹುದು. ಆಗ ಅಂಕಿಯಂತೂ ಸಿಗುತ್ತದೆ, ಅದು ದ್ರವದ್ದಲ್ಲ, ಮೇಲಿನ ಗಾಳಿಯದು. ಸ್ಕ್ರೂ ಮುಚ್ಚಳ ಮತ್ತು ಸಿಲಿಕೋನ್ ವಾಷರ್ ಇರುವ ಅಡಾಪ್ಟರ್‌ನಲ್ಲಿ ಥರ್ಮಾಮೀಟರನ್ನು ಬೇಕಾದಷ್ಟು ಜಾರಿಸಿ ಬಿಗಿಮಾಡಬಹುದು, ನಿರ್ವಾತವೂ ಸೋರುವುದಿಲ್ಲ. ಕಲಕುವ ಅಲಗಿಗೆ ಬಲ್ಬ್ ತಗಲದಂತೆ ನೋಡಿಕೊಳ್ಳುವುದೂ ಇದರಲ್ಲೇ ಸುಲಭ. ಒಂದೇ ಅಡಾಪ್ಟರ್ ಕೊಳ್ಳುವ ಶಕ್ತಿಯಿದ್ದರೆ ಕೊಳ್ಳಬೇಕಾದದ್ದು ಇದನ್ನೇ.

ಬಟ್ಟಿ ಇಳಿಸುವಾಗ ತಿಳಿಯಬೇಕಾದದ್ದು ದ್ರವದ ತಾಪವಲ್ಲ, ಆವಿಯ ತಾಪ. ಬಲ್ಬಿನ ಮೇಲಂಚು ಪಕ್ಕದ ಕೊಳವೆಯ ಕೆಳ ಅಂಚಿನ ಮಟ್ಟಕ್ಕೆ ಬರುವಂತೆ ಥರ್ಮಾಮೀಟರನ್ನು ನಿಲ್ಲಿಸುತ್ತಾರೆ. ಅದಕ್ಕಿಂತ ಮೇಲಿದ್ದರೆ ಆವಿ ಬಲ್ಬನ್ನು ಪೂರ್ತಿ ಆವರಿಸುವ ಮೊದಲೇ ಪಕ್ಕಕ್ಕೆ ಹರಿದುಹೋಗುತ್ತದೆ, ಅಂಕಿ ಕಡಿಮೆ ಬರುತ್ತದೆ. ಈ ಎಚ್ಚರದ ಹಿಂದೆ ದೊಡ್ಡ ಚರ್ಚೆಯೊಂದಿದೆ. ಥರ್ಮಾಮೀಟರ್‌ಗಳ ಸ್ಥಿರ ಬಿಂದುಗಳನ್ನು ಪರಿಶೀಲಿಸಲು ಲಂಡನ್ನಿನ ರಾಯಲ್ ಸೊಸೈಟಿ ಹೆನ್ರಿ ಕ್ಯಾವೆಂಡಿಶ್ ನೇತೃತ್ವದಲ್ಲಿ ನೇಮಿಸಿದ ಸಮಿತಿ 1777ರಲ್ಲಿ ಒಂದು ಸಲಹೆ ಕೊಟ್ಟಿತು: ಕುದಿಬಿಂದುವನ್ನು ಗುರುತು ಮಾಡುವಾಗ ಬಲ್ಬನ್ನು ಕುದಿಯುವ ನೀರಿನಲ್ಲಿ ಅದ್ದುವ ಬದಲು ಹಬೆಯಲ್ಲಿ ಹಿಡಿಯಬೇಕು. ಕುದಿಯುವ ನೀರು ಅಷ್ಟು ನಂಬಿಕೆಗೆ ಯೋಗ್ಯವಲ್ಲ. ಕರಗಿದ ಗಾಳಿಯನ್ನು ತೆಗೆದ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರಬಲ್ಲದು. ಗಾಜಿನ ಪಾತ್ರೆಯಲ್ಲಿ ಲೋಹದ ಪಾತ್ರೆಗಿಂತ ತುಸು ಹೆಚ್ಚಿನ ತಾಪದಲ್ಲಿ ಕುದಿಯುವುದುಂಟು. ಅಳತೆಗೋಲಿನ ಗುರುತೇ ಬಲ್ಬನ್ನು ಎಲ್ಲಿ ಇಟ್ಟರು ಎಂಬುದನ್ನು ಅವಲಂಬಿಸಿತ್ತು.

ಅಡಾಪ್ಟರ್‌ನಿಂದ ಹೊರಗೆ ಉಳಿದ ಕಡ್ಡಿಯೂ ಸುಮ್ಮನಿರುವುದಿಲ್ಲ. ಪೂರ್ತಿ ಮುಳುಗಿಸಿ ಓದಲೆಂದು ಮಾಡಿದ ಥರ್ಮಾಮೀಟರ್ 200 ಡಿಗ್ರಿ ತೋರಿಸುತ್ತಿದ್ದು, ಅದರ ಪಾದರಸದ ಎಳೆಯಲ್ಲಿ 150 ಡಿಗ್ರಿಯಷ್ಟು ಭಾಗ ಸರಾಸರಿ 50 ಡಿಗ್ರಿಯ ಹೊರಗಾಳಿಯಲ್ಲಿದೆ ಎನ್ನೋಣ. ಗಾಜಿನಲ್ಲಿ ಪಾದರಸದ ತೋರಿಕೆಯ ಹಿಗ್ಗುವಿಕೆಯ ಗುಣಾಂಕವಾದ 0.00016ನ್ನು 150ರಿಂದಲೂ ತಾಪಗಳ ಅಂತರವಾದ 150ರಿಂದಲೂ ಗುಣಿಸಿದರೆ 3.6 ಡಿಗ್ರಿ. ನಿಜವಾದ ತಾಪ 203ನ್ನೂ ದಾಟಿರುತ್ತದೆ. ಭಾಗಶಃ ಮುಳುಗಿಸುವ ಥರ್ಮಾಮೀಟರ್‌ಗಳ ಮೇಲೆ ಹಲವು ಬಾರಿ 76 ಮಿ.ಮೀ. ಎಂಬ ಗೆರೆ ಇರುತ್ತದೆ. ಆ ಗೆರೆಯವರೆಗೆ ಇಳಿಯಲು ಬಿಡದ ಅಡಾಪ್ಟರ್, ಎಷ್ಟೇ ಸೊಗಸಾಗಿದ್ದರೂ ತಪ್ಪು ಆಯ್ಕೆ.

ಕೆಲವು ದ್ರವಗಳನ್ನು ಮುಟ್ಟುವುದೇ ಬೇಡವೆನಿಸುತ್ತದೆ. ಥರ್ಮಾಮೀಟರ್ ಒಡೆದರೆ ಪಾದರಸ ಮಿಶ್ರಣಕ್ಕೆ ಬೀಳುತ್ತದೆ. ಅಂಥಲ್ಲಿ ತಳಮುಚ್ಚಿದ ಗಾಜಿನ ಕೊಳವೆಯನ್ನು ಕೋನಿಗೆ ಬೆಸೆದ ‘ಪಾಕೆಟ್’ ಬಳಸುತ್ತಾರೆ. ಅದರೊಳಗೆ ಸ್ವಲ್ಪ ಸಿಲಿಕೋನ್ ಎಣ್ಣೆ ಹಾಕಿ ಥರ್ಮಾಮೀಟರ್ ಅಥವಾ ಥರ್ಮೋಕಪಲ್ ಇಳಿಸಬೇಕು. ಎಣ್ಣೆ ಇಲ್ಲದಿದ್ದರೆ ನಡುವಿನ ಗಾಳಿ ಶಾಖವನ್ನು ತಡೆದು ಅಂಕಿ ಹಿಂದೆ ಬೀಳುತ್ತದೆ. ತಾನಾಗಿಯೇ ಬಿಸಿಯೇರುವ ಕ್ರಿಯೆಗಳಲ್ಲಿ ಈ ವಿಳಂಬ ಅಪಾಯಕಾರಿ: ಮಿಶ್ರಣ ಮಿತಿ ದಾಟಿದ ಮೇಲೆ ಸುದ್ದಿ ತಲುಪುತ್ತದೆ. ಸಂಪರ್ಕವನ್ನು ಕಡಿಮೆ ಮಾಡಿ ಸುರಕ್ಷತೆಯನ್ನು ಪಡೆದರೆ, ಅದಕ್ಕೆ ತಕ್ಕಷ್ಟು ಅರಿವನ್ನು ಕಳೆದುಕೊಳ್ಳಬೇಕು. ಅತ್ತ ನೇರ ಸಂಪರ್ಕವೂ ನಿರ್ದೋಷವಲ್ಲ. ತಣ್ಣನೆಯ ದಪ್ಪ ಥರ್ಮಾಮೀಟರ್ 5 ಮಿ.ಲೀ. ದ್ರವಕ್ಕೆ ಇಳಿದರೆ ಆ ದ್ರವದ ಶಾಖವನ್ನೇ ಹೀರಿ, ತಾನು ಬದಲಿಸಿದ ತಾಪವನ್ನು ವರದಿ ಮಾಡುತ್ತದೆ.

ಇಷ್ಟೆಲ್ಲ ಉಪಾಧಿಗಳನ್ನು ನೀಗಿದ ಮೇಲೂ ಅಂಕಿ ಸರಿ ಎನ್ನಲು ಪ್ರಮಾಣವೇನು? ನೈಯಾಯಿಕರ ಉತ್ತರ ಪರತಃ ಪ್ರಾಮಾಣ್ಯ: ಜ್ಞಾನದ ಯಥಾರ್ಥತೆ ಬೇರೊಂದು ಪರೀಕ್ಷೆಯಿಂದ, ಸಫಲವಾದ ಪ್ರವೃತ್ತಿಯಿಂದ ತಿಳಿಯುತ್ತದೆ. ಪರೀಕ್ಷಿಸುವ ಜ್ಞಾನಕ್ಕೂ ಪರೀಕ್ಷೆ ಬೇಡವೇ, ಇದಕ್ಕೆ ಕೊನೆಯೆಲ್ಲಿ ಎಂದು ಮೀಮಾಂಸಕರು ಕೇಳಿದರು. ಜ್ಞಾನ ಸ್ವತಃ ಪ್ರಮಾಣ, ದೋಷ ಕಂಡಾಗಲಷ್ಟೇ ಅದನ್ನು ಕೈಬಿಡಬೇಕು ಎಂಬುದು ಅವರ ಪಕ್ಷ. ದ್ವೈತದಲ್ಲಿ ಮಧ್ವಾಚಾರ್ಯರೂ ಸ್ವತಃ ಪ್ರಾಮಾಣ್ಯವನ್ನೇ ಒಪ್ಪಿದರು. ಸಂಶಯ ಹುಟ್ಟಿದಾಗ ಪರೀಕ್ಷೆಗೆ ಜಾಗವಿದೆ, ಆದರೆ ಪರೀಕ್ಷೆಗಳ ಸರಣಿ ಸಾಕ್ಷಿಯ, ಅಂದರೆ ಅರಿಯುವ ಆತ್ಮದ ನಿಶ್ಚಯದಲ್ಲಿ ನಿಲ್ಲುತ್ತದೆ ಎಂದರು.

ಪ್ರಯೋಗಶಾಲೆಯ ರೂಢಿ ನೈಯಾಯಿಕರಿಗೆ ಹತ್ತಿರ. 1840ರ ದಶಕದಲ್ಲಿ ಫ್ರಾನ್ಸಿನ ಹೆನ್ರಿ ವಿಕ್ಟರ್ ರೆನ್ಯೋ ಯಾವ ಥರ್ಮಾಮೀಟರ್ ಸತ್ಯ ಹೇಳುತ್ತದೆ ಎಂದು ಕೇಳಲಿಲ್ಲ, ಯಾವುದು ತನ್ನ ಜಾತಿಯ ಇತರವುಗಳೊಂದಿಗೆ ಒಪ್ಪುತ್ತದೆ ಎಂದು ನೋಡಿದರು. ಬೇರೆ ಬೇರೆ ಗಾಜಿನ ಪಾದರಸದ ಥರ್ಮಾಮೀಟರ್‌ಗಳು ಹೆಚ್ಚಿನ ತಾಪದಲ್ಲಿ ತಮ್ಮೊಳಗೇ ಜಗಳವಾಡಿದವು. ಬೇರೆ ಬೇರೆ ಸಾಂದ್ರತೆಯ ಗಾಳಿ ತುಂಬಿದವು ಒಂದೇ ಮಾತು ಹೇಳಿದವು. ಒಪ್ಪಂದವೇ ಸತ್ಯವಲ್ಲ ಎಂಬ ಆಕ್ಷೇಪ ನಿಜ, ಆದರೆ ಒಪ್ಪಂದವಿಲ್ಲದ ಕಡೆ ಸತ್ಯವನ್ನು ಹುಡುಕಲಾಗದು.

ಹಾಗೆಂದು ಯಾವ ಪರೀಕ್ಷೆಯೂ ಉಪಾಧಿಯಿಂದ ಹೊರತಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅದನ್ನು 100 ಎಂದು ಹಿಡಿದು ಥರ್ಮಾಮೀಟರನ್ನು ತಿದ್ದಿದರೆ ಸರಿಯಿದ್ದದ್ದೂ ಕೆಡುತ್ತದೆ. ಕರಗುವ ಮಂಜುಗಡ್ಡೆಯ 0 ಡಿಗ್ರಿಗೂ ಶುದ್ಧ ಬೆಂಜೋಯಿಕ್ ಆಮ್ಲ ಕರಗುವ ಸುಮಾರು 122 ಡಿಗ್ರಿಗೂ ವಾಯುಭಾರದ ಈ ತೊಡಕು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅಡಾಪ್ಟರ್‌ಗೆ ತೊಡಿಸುವ ಮೊದಲು ಥರ್ಮಾಮೀಟರನ್ನು ಇವೆರಡರಲ್ಲಿ ನೋಡಿಕೊಳ್ಳುವುದು ವಾಡಿಕೆ.