ಗೋಡೆಯ ಮೇಲಿನ ಹೆಸರು, ಬಾಗಿಲಲ್ಲಿ ನಿಂತ ಹೆಸರು



ನಿಮ್ಮ ಮಗುವಿಗೆ ಜ್ಞಾನಸ್ನಾನದ ದಿನ ಒಬ್ಬ ಸಂತರ ಹೆಸರಿಟ್ಟಿರುತ್ತೀರಿ. ಮಗು ಆ ಸಂತರ ಹಾದಿಯಲ್ಲಿ ಬಾಳಲಿ ಎಂಬ ಆಸೆಯಿಂದಲ್ಲವೇ? ಹೆಸರಿಡುವುದು ಸುಲಭ, ಹೆಸರಿಗೆ ತಕ್ಕಂತೆ ನಡೆಯುವುದು ಕಷ್ಟ. ನಾಡಿನ ಹಿರಿಯರ ಹೆಸರಿಗೂ ಈ ಮಾತು ಸಲ್ಲುತ್ತದೆ.

ಡಾ. ಎ.ಪಿ.ಜೆ. ಅಬ್ದುಲ್ ಕಲಾಂ 2002ರಿಂದ 2007ರವರೆಗೆ ನಮ್ಮ ರಾಷ್ಟ್ರಪತಿಯಾಗಿದ್ದರು. 2015ರ ಜುಲೈ 27ರಂದು ಶಿಲ್ಲಾಂಗಿನಲ್ಲಿ ವಿದ್ಯಾರ್ಥಿಗಳ ಮುಂದೆ ಉಪನ್ಯಾಸ ಕೊಡುತ್ತಿರುವಾಗಲೇ ಕುಸಿದುಬಿದ್ದು ತೀರಿಕೊಂಡರು. ಹೆಸರು ಮಾತ್ರ ಉಳಿಯಿತು. ಅದೇ ವರ್ಷ ದೆಹಲಿಯ ಒಂದು ರಸ್ತೆಗೂ ಒಡಿಶಾದ ವೀಲರ್ ದ್ವೀಪಕ್ಕೂ ಅವರ ಹೆಸರಿಟ್ಟರು. ತುಮಕೂರಿನವರಿಗಂತೂ ಅವರು ದೂರದವರಲ್ಲ. ರಾಷ್ಟ್ರಪತಿಯಾಗಿದ್ದಾಗ ಸಿದ್ಧಗಂಗೆಗೆ ಬಂದು, ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ಶಿವಕುಮಾರ ಸ್ವಾಮೀಜಿಯವರಿಗೆ ಗೌರವ ಸಲ್ಲಿಸಿದ್ದರು. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರುವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ತೆರೆದದ್ದು ಎಚ್.ಎ.ಎಲ್. ಸಂಸ್ಥೆ. ಯುವಕ ಕಲಾಂ ಬೆಂಗಳೂರಿನಲ್ಲಿ ತರಬೇತಿ ಪಡೆದದ್ದೂ ಅದೇ ಸಂಸ್ಥೆಯಲ್ಲಿ.

ಗುಬ್ಬಿಯ ಶಾಲೆಯ ವೇದಿಕೆಯಾಗಲಿ, ಕುಣಿಗಲ್ಲಿನ ಸಭೆಯಾಗಲಿ, ಕಲಾಂ ಎಂದರೆ ಚಪ್ಪಾಳೆ ಬೀಳುತ್ತದೆ. ಪಕ್ಷ ಯಾವುದೇ ಇರಲಿ, ಆ ಹೆಸರು ಎಲ್ಲರಿಗೂ ಬೇಕು. ಈಗ ಒಬ್ಬ ಗೃಹಸ್ಥರನ್ನು ಊಹಿಸಿಕೊಳ್ಳಿ. ಅವರ ಮನೆಯ ಗೋಡೆಯ ಮೇಲೆ ಕಲಾಂ ಅವರ ಚಿತ್ರವಿದೆ. ತುಮಕೂರಿನಲ್ಲಿ ಅವರ ಮಹಡಿ ಮನೆ ಖಾಲಿಯಿದೆ. ಬಾಡಿಗೆಗೆ ಕೇಳಲು ಬಂದ ಯುವಕ ತನ್ನ ಹೆಸರು ಅಬ್ದುಲ್ ಎಂದೊಡನೆ, 'ಬೇರೆಯವರಿಗೆ ಕೊಟ್ಟಾಯಿತಲ್ಲ' ಎನ್ನುತ್ತಾರೆ. ಗೋಡೆಯ ಮೇಲಿನ ಹೆಸರೂ ಬಾಗಿಲಲ್ಲಿ ನಿಂತ ಹೆಸರೂ ಒಂದೇ ಅಲ್ಲವೇ?

'ಎಲ್ಲರೂ ಕಲಾಂ ಅವರಂತಿದ್ದರೆ ನಮ್ಮದೇನೂ ತಕರಾರಿಲ್ಲ' ಎನ್ನುವವರುಂಟು. ಮೇಲ್ನೋಟಕ್ಕೆ ಇದು ಹೊಗಳಿಕೆ. ಆದರೆ 'ಮದರ್ ತೆರೇಸಾ ಅವರಂತಿದ್ದರೆ ಮಾತ್ರ ನಿಮ್ಮನ್ನು ನಂಬುತ್ತೇವೆ' ಎಂದು ಯಾರಾದರೂ ನಮಗೆ ಹೇಳಿದರೆ? ಆ ಪರೀಕ್ಷೆಯಲ್ಲಿ ನಮ್ಮಲ್ಲಿ ಎಷ್ಟು ಜನ ತೇರ್ಗಡೆಯಾದೇವು? ಸಾಮಾನ್ಯ ಮನುಷ್ಯನಾಗಿ ಗೌರವದಿಂದ ಬಾಳಲು ಯಾರೂ ಮೊದಲು ಮಹಾತ್ಮರಾಗಬೇಕಿಲ್ಲ. ದೊಡ್ಡವರ ಹೆಸರಿನಿಂದ ನಮ್ಮನ್ನು ನಾವು ಅಳೆದುಕೊಂಡರೆ ಅದು ಅಳತೆಗೋಲು. ನೆರೆಯವರ ಮೇಲೆ ಎತ್ತಿದರೆ ಅದೇ ಬೆತ್ತ.

ಕಲಾಂ ಅವರ ಬಾಳಿನಲ್ಲೇ ನಮಗೊಂದು ಪಾಠವಿದೆ. 1960ರ ದಶಕದ ಆರಂಭದಲ್ಲಿ ರಾಕೆಟ್ ಕೇಂದ್ರಕ್ಕಾಗಿ ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಊರು ಆಯ್ಕೆಯಾಯಿತು. ಅಲ್ಲಿ ಸಂತ ಮಗ್ದಲದ ಮರಿಯಳ ದೇವಾಲಯವಿತ್ತು. ವಿಕ್ರಮ್ ಸಾರಾಭಾಯಿ ಅವರು ಧರ್ಮಾಧ್ಯಕ್ಷರಾದ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕಂಡು ಸ್ಥಳ ಕೇಳಿದರು. ಧರ್ಮಾಧ್ಯಕ್ಷರು ಭಾನುವಾರದ ಪೂಜೆಗೆ ಸೇರಿದ್ದ ಜನರನ್ನೇ ಕೇಳಿದರು, ಜನ ಆಮೆನ್ ಎಂದರು ಎಂದು ಕಲಾಂ ಹೇಳುತ್ತಿದ್ದರು. ಆ ದೇವಾಲಯವೇ ವಿಜ್ಞಾನಿಗಳ ಕಾರ್ಯಸ್ಥಾನವಾಯಿತು. ಅಲ್ಲಿ ದುಡಿದವರಲ್ಲಿ ಕಲಾಂ ಒಬ್ಬರು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಮೇಲೇರಿತು.

ಯೋಚಿಸಿ ನೋಡಿ. ಆ ಧರ್ಮಕೇಂದ್ರದ ಬಡ ಬೆಸ್ತರು ತಾವು ಮೊಣಕಾಲೂರಿ ಪ್ರಾರ್ಥಿಸಿದ ಜಾಗವನ್ನೇ ಬಿಟ್ಟುಕೊಟ್ಟರು. ಅವರ ಹೆಸರುಗಳನ್ನು ನಾವು ಯಾವ ವೇದಿಕೆಯಲ್ಲೂ ಹೇಳುವುದಿಲ್ಲ. ಆದರೂ ನಾವು ಚಪ್ಪಾಳೆ ತಟ್ಟುವ ಹೆಸರಿನ ಹಿಂದೆ ಅವರ ತ್ಯಾಗವೂ ಇದೆ. ಅವರು ದೇವಾಲಯವನ್ನೇ ಕೊಟ್ಟಿರುವಾಗ, ಬಾಡಿಗೆ ತೆರುವವನಿಗೆ ಮಹಡಿ ಮನೆ ಕೊಡಲು ನಮಗೇಕೆ ಇಷ್ಟು ಹಿಂಜರಿಕೆ?

ದೇವರ ನಾಮವನ್ನು ವ್ಯರ್ಥವಾಗಿ ಎತ್ತಬಾರದೆಂದು ಚಿಕ್ಕಂದಿನಲ್ಲೇ ಕಲಿತವರು ನಾವು. ಒಳ್ಳೆಯ ಮನುಷ್ಯರ ಹೆಸರನ್ನೂ ವ್ಯರ್ಥವಾಗಿ ಎತ್ತಬಾರದು. ಅಕ್ಟೋಬರ್ 15 ಕಲಾಂ ಅವರ ಜನ್ಮದಿನ. ಅಂದು ನಿಮ್ಮ ಮಗು ಶಾಲೆಯಲ್ಲಿ ಮಾತನಾಡಲು ನಾಲ್ಕು ಸಾಲು ಬರೆದುಕೊಡಿ ಎಂದು ಕೇಳಬಹುದು. ಖಂಡಿತ ಬರೆದುಕೊಡಿ. ಆದರೆ ಅದಕ್ಕೆ ಮೊದಲು, ಈ ವರ್ಷ ನಮ್ಮ ಬಾಗಿಲಿಗೆ ಬಂದವರಲ್ಲಿ ಯಾರನ್ನು, ಯಾವ ಹೆಸರಿನ ಕಾರಣಕ್ಕೆ ಹಿಂದಕ್ಕೆ ಕಳುಹಿಸಿದೆವು ಎಂದು ಒಮ್ಮೆ ನೆನಪಿಸಿಕೊಳ್ಳಿ. ಮಗು ಕಲಿಯುವುದು ನಾವು ಬರೆದುಕೊಟ್ಟ ಸಾಲುಗಳಿಗಿಂತ ಹೆಚ್ಚಾಗಿ, ಬಾಗಿಲಲ್ಲಿ ನಾವು ಆಡುವ ಮಾತಿನಿಂದ.