ರೊಟ್ಟಿ ಮುಂದೆ, ಅನ್ನ ಹಿಂದೆ

ಹಸಿದವನ ಕಣ್ಣು ತುತ್ತಿನ ಮೇಲೆ. ಉಂಡವನ ಕಣ್ಣು ಬಟ್ಟಲುಗಳ ಎಣಿಕೆಯ ಮೇಲೆ.

ಜಾವಾ ಆಳುತ್ತಿದ್ದ ಡಚ್ಚರು ಅಲ್ಲಿ ಕಟ್ಟಿದ ಊಟ ರೈಸ್ಟಾಫೆಲ್. ನಡುವೆ ಅನ್ನ, ಸುತ್ತ ಹತ್ತಾರು ವ್ಯಂಜನ. ಅಲ್ಲಿನ ಬಟಾವಿಯದ ದೊಡ್ಡ ಹೋಟೆಲುಗಳಲ್ಲಿ ಬಟ್ಟಲಿಗೊಬ್ಬರಂತೆ ಆಳುಗಳು ಸಾಲುಗಟ್ಟಿ ಬರುತ್ತಿದ್ದರು. ಅಡುಗೆ ಆಳುವವರದಲ್ಲ, ಬಡಿಸುವ ಕೈಯೂ ಅವರದಲ್ಲ. ಸಾಲು ಮಾತ್ರ ಅವರದು.

ಉತ್ತರ ಕರ್ನಾಟಕದ ರಂಗಂಪೇಟೆಯಂಥ ಊರಿನ ಖಾನಾವಳಿಯಲ್ಲಿ ಬಡಿಸುವವನು ಒಬ್ಬನೇ. ತಾಟಿನ ಅಂಚಿಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ಮಗ್ಗುಲಿಗೆ ಪುಂಡಿಪಲ್ಯ, ಎಣ್ಣೆಗಾಯಿ, ಕಾಳುಪಲ್ಯ, ಹಸಿ ಉಳ್ಳಾಗಡ್ಡಿ. "ಇನ್ನೊಂದು ಹಾಕ್ಲೇನ್ರಿ?" ಉತ್ತರಕ್ಕೆ ಮೊದಲೇ ರೊಟ್ಟಿ ತಾಟಿಗೆ ಬಿದ್ದಿರುತ್ತದೆ.

ಜಾವಾದ ಮೇಜಿಗೆ ಅನ್ನ ದೊರೆ. ಇಲ್ಲಿ ಅದು ತಡವಾಗಿ ಬಂದ ಬೀಗ: ಕಡೆಗೆ ಬರುತ್ತದೆ, ಹಿಡಿಯಷ್ಟು ಜಾಗ ಕೇಳುತ್ತದೆ, ಮಜ್ಜಿಗೆಯೊಂದಿಗೆ ಎದ್ದು ಹೋಗುತ್ತದೆ.

ಒಳಗೆ ಒಬ್ಬಳು ರೊಟ್ಟಿ ಬಡಿಯುತ್ತಾಳೆ. ಹಂಚಿಗೆ ಹಾಕಿದ ರೊಟ್ಟಿಯ ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ನೀರು ಆರುವ ಹೊತ್ತು ನೋಡಿ ತಿರುವುತ್ತಾಳೆ. ಹೆಸರು ಖಾನಾವಳಿಗೆ; ಹೊರಗೆ ಕೇಳುವುದು ಅವಳ ಕೈಸಪ್ಪಳ ಮಾತ್ರ.

ಬೋರ್ಡಿನ ಮೇಲೆ ಜಾತಿಯ ಹೆಸರು ಬರೆದ ಖಾನಾವಳಿಗಳು ಉತ್ತರ ಕರ್ನಾಟಕದಲ್ಲಿ ಇಂದಿಗೂ ಉಂಟು. ಗಲ್ಲಾಪೆಟ್ಟಿಗೆ ಮಾತ್ರ ಎಲ್ಲರ ಕೈಯದನ್ನೂ ಮುಟ್ಟುತ್ತದೆ.

ಇಂಡೋನೇಷ್ಯಾದ ಪಡಾಂಗಿನ ಊಟದಂಗಡಿಯಲ್ಲಿ ಕೇಳುವ ಮೊದಲೇ ತಟ್ಟೆಗಳೆಲ್ಲ ಎದುರಿಗೆ. ದುಡ್ಡು, ಮುಟ್ಟಿದ್ದಕ್ಕಷ್ಟೇ. ಕಣ್ಣಿನ ಆಸೆಗೆ ಲೆಕ್ಕವಿಲ್ಲ, ಬೆರಳಿನದಕ್ಕೆ ಉಂಟು.

1621ರಲ್ಲಿ ಜಾಜಿಕಾಯಿಯ ಏಕಸ್ವಾಮ್ಯಕ್ಕಾಗಿ ಡಚ್ ಕಂಪನಿ ಅದೇ ನಾಡಿನ ಬಾಂಡಾ ದ್ವೀಪದವರನ್ನು ಕೊಂದಿತು, ಉಳಿದವರಲ್ಲಿ ಹಲವರನ್ನು ಗುಲಾಮರಾಗಿ ಸಾಗಿಸಿತು. ಅದೇ ಜಾಜಿಕಾಯಿ ಹೂರಣಕ್ಕೆ ತೇಯುವಾಗ ಬರುವುದು ಘಮ ಒಂದೇ.

ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕದಿಂದ ಹಡಗು ಹತ್ತಿದವು. ಜಾವಾದಲ್ಲಿ ಇಳಿದು ಸಾಂಬಾಲ್ ಎಂಬ ಚಟ್ನಿಯಾದವು, ಸಾತೆ ಎಂಬ ಕಡ್ಡಿಮಾಂಸದ ಮೇಲಿನ ಗಸಿಯಾದವು. ಇಲ್ಲಿ ಒಂದೇ ಒರಳಿಗೆ ಬಿದ್ದು ಹಿಂಡಿಯಾದವು. ಕುಟ್ಟಿದಷ್ಟೂ ನಮ್ಮವು.

ಇಂಡೋನೇಷ್ಯಾ 1945ರಲ್ಲಿ ಸ್ವಾತಂತ್ರ್ಯ ಸಾರಿತು, ಡಚ್ಚರು ಕಡೆಗೆ ಹೋದರು. ರೈಸ್ಟಾಫೆಲ್ ಹುಟ್ಟಿದ ನೆಲದಲ್ಲಿ ಸೊರಗಿ, ಆಂಸ್ಟರ್‌ಡ್ಯಾಮಿನಲ್ಲಿ ಕೊಬ್ಬಿತು. ನಾಡು ಬಿಟ್ಟುಕೊಟ್ಟವರು ನಾಲಗೆಯ ರುಚಿ ಬಿಡಲಿಲ್ಲ.

ಇತ್ತ 1982ರಲ್ಲಿ ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ ಅಣೆಕಟ್ಟು ಎದ್ದಿತು. ಕಾಲುವೆ ಹರಿದ ಕಡೆ ಸುರಪುರ, ಶಹಾಪುರದ ಎರೆಹೊಲ ಭತ್ತದ ಗದ್ದೆಯಾಯಿತು. 2013ರಲ್ಲಿ ಅನ್ನಭಾಗ್ಯ ಬಂತು. ಹಿಂದೆ ಅನ್ನ ಉಂಡವನು ಸಾಹುಕಾರ; ಈಗ ಮೂರು ಹೊತ್ತೂ ಜೋಳದ ರೊಟ್ಟಿ ತಿನ್ನಬಲ್ಲವನು.

ಸಕ್ಕರೆ ಕಾಯಿಲೆಯವನಿಗೆ ವೈದ್ಯರು ರೊಟ್ಟಿ ತಿನ್ನೆನ್ನುತ್ತಾರೆ. ಅಜ್ಜನ ಬಡತನ ಮೊಮ್ಮಗನ ಪಥ್ಯ.

ಹತ್ತು ರುಚಿಯನ್ನು ಹತ್ತು ಬಟ್ಟಲಲ್ಲಿಡುವುದು ವೈಭವ. ಹತ್ತು ಕಾಳು, ಹತ್ತು ಸೊಪ್ಪು ಒಂದೇ ಗಡಿಗೆಗೆ ಹಾಕಿ ಭಜ್ಜಿ ಕುದಿಸುವುದು ಒಕ್ಕಲುತನ. ಮೊದಲನೆಯದರಲ್ಲಿ ಯಾವುದು ಚೆನ್ನ ಎಂದು ಕೇಳಬಹುದು. ಎರಡನೆಯದರಲ್ಲಿ ಕೇಳಿದವನೇ ಪೆದ್ದ.

ಎಳ್ಳಮಾಸಿ, ಅಂದರೆ ಎಳ್ಳ ಅಮಾವಾಸ್ಯೆಯಂದು, ಊರಿಗೆ ಊರೇ ಹೊಲದಲ್ಲಿ ಉಣ್ಣುತ್ತದೆ. ಮೇಜಿಲ್ಲ, ಸಾಲಿಲ್ಲ, ಜೋಳದ ದಂಟಿನ ನಡುವೆ ಹಾಸಿದ ಕಂಬಳಿ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಭಜ್ಜಿ. ಹೊಲಕ್ಕೆ ಚರಗ ಚೆಲ್ಲಿ ಬರುವ ತನಕ ಯಾರ ಕೈಯೂ ಬಾಯಿಗೆ ಹೋಗುವುದಿಲ್ಲ. ಉಣಿಸಿದ ನೆಲಕ್ಕೆ ಮೊದಲ ಎಡೆ.

ಹೊಲ ಇಲ್ಲದವನೂ ಆ ದಿನ ಯಾರದೋ ಹೊಲದಲ್ಲಿ ಉಣ್ಣುತ್ತಾನೆ. ಮರುದಿನ ಅದೇ ಹೊಲಕ್ಕೆ ಕೂಲಿಗೆ ಬರುತ್ತಾನೆ. ಹಬ್ಬ ಬದುವನ್ನು ಅಳಿಸುವುದಿಲ್ಲ, ಒಂದು ಹಗಲು ದಾಟಿಸುತ್ತದೆ.

ದುಡಿಯಲು ಬೆಂಗಳೂರಿಗೆ ಹೊರಟವರ ಗಂಟಿನಲ್ಲಿ ಖಡಕ್ ರೊಟ್ಟಿ, ಹಿಂಡಿ. ಅಲ್ಲೇ ಬೆಳೆದ ಅವರ ಮಕ್ಕಳು ಎಳ್ಳಮಾಸಿಗೆ ಊರಿಗೆ ಬಂದರೆ, ಬುತ್ತಿ ಬಿಚ್ಚುವಾಗ ಇಣುಕಿ ನೋಡಿ ಕೇಳುತ್ತಾರೆ: "ಆಯಿ, ಅನ್ನ ಇಲ್ಲೇನು?"